ದನವಿಲ್ಲದ ಹುಲ್ಲುಗಾವಲು

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ನನ್ನ ಸೋದರಮಾವನ ಕಾಫಿ ಹೋಟೆಲಿತ್ತು. ಓದಲೆಂದು ನಾನು ಅವನ ಜೊತೆ ಅಲ್ಲೇ ಇದ್ದೆ. ಐವತ್ತರ ದಶಕದ ನಡುವೆ ಒಮ್ಮೆ, ಊಟಿಯ ಬಂಗಲೆ ಖಾಲಿ ಮಾಡಿ ಹೊರಟಿದ್ದ ಇಂಗ್ಲಿಷ್ ದೊರೆಯೊಬ್ಬ ಕಾರು ಕೆಟ್ಟು ಅರ್ಧ ದಿನ ಅಲ್ಲೇ ಕೂತು, ಹೋಗುವಾಗ ಮಾವನಿಗೊಂದು ಚಿತ್ರ ಕೊಟ್ಟುಹೋದ. ಹಳೇ ಪೋಸ್ಟರಿನಂಥ ಬಣ್ಣ: ಬೋಳಿಸಿದಷ್ಟು ನುಣುಪಾದ ಹಸಿರು ದಿಣ್ಣೆಗಳು, ಮರಳಿನ ಗುಂಡಿಗಳು, ಹಿಂದೆ ನೀಲಿ ಬೆಟ್ಟ, ನಡುನಡುವೆ ಪುಟ್ಟ ಕೆಂಪು ಬಾವುಟ.

ಸಂತೆಗೆ ಬಂದ ಅಪ್ಪ, ಮಾವ ಗೋಡೆಗೆ ತೂಗುಹಾಕಿದ್ದ ಆ ಚಿತ್ರದ ಮುಂದೆ ನಿಂತವನು ಕಾಫಿ ಆರಿದರೂ ಕೂರಲಿಲ್ಲ. ಆ ವರ್ಷ ನಮ್ಮ ತಾಲ್ಲೂಕಿನ ಮದ್ದೂರಿನ ಕಡೆ ಕಾಡಿನ ಗಡಿ ಅಳೆಯುವ ಸರ್ವೆಯವರು ಇಂಥದೇ ಬಾವುಟ ನೆಡುತ್ತಿದ್ದರು. ಬಾವುಟದೊಳಗೆ ಬಿದ್ದ ಹೊಲ ಕಾಡಿನ ಪಾಲು. ನಮ್ಮ ಹುರುಳಿ ಹೊಲ ಕಾಡಿನ ಅಂಚಿನಲ್ಲೇ ಇತ್ತು.

"ಏನ್ಲಾ ಇದು?"

"ಊಟೀಲಿ ದೊರೆಗಳು ಚೆಂಡು ಒಡ್ಯೋ ಬಯಲು ಕಣ್ ಬಾವ," ಎಂದ ಮಾವ. "ಬಾವುಟ ಇರೋ ಕಡೆ ಗುಳಿ. ಅದ್ರೊಳಕ್ಕೆ ಬೀಳುಸ್ಬೇಕು."

"ಚೆಂಡಾಡಕ್ಕೆ ಇಷ್ಟು ಬೂಮಿ ಬೀಳು ಬುಟ್ಟವ್ರಾ? ಒಂದು ದನ ಇಲ್ಲ, ಹುಲ್ಲು ಇಷ್ಟು ಗಿಡ್ಡಕೆ ಎಂಗಾಯ್ತು? ಮೇಯ್ತಿದ್ದವನ್ನ ಓಡುಸ್ಬುಟ್ಟವ್ರೆ. ಆ ಬೆಟ್ಟ ನಮ್ಮೊಲದ ಹಿಂದ್ಲ ಬೆಟ್ಟ ಕಣ್ಲಾ!"

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಅಣಕಿಸುವುದು ನನ್ನ ರೋಗ. ಕನ್ನಡಿಯಲ್ಲಿ ಸಿಕ್ಕರೆ ನನ್ನನ್ನೂ ಬಿಡುತ್ತಿರಲಿಲ್ಲ. ಸರ್ವೆಯವನ ಮೂಗುದನಿಯಲ್ಲಿ, "ಏನಯ್ಯಾ ಯಜಮಾನ, ನಕ್ಷೆ ಬರೆದಾಯ್ತು. ಹೊಲ ತೋರ್ಸಿದ್ದು ನಿನ್ನ ಬಾಮೈದನೇ!" ಎಂದೆ. ಹೋಟೆಲೆಲ್ಲ ನಕ್ಕಿತು.

ಅಪ್ಪ ನಗಲಿಲ್ಲ. ಮಾವನ ಕಡೆ ತಿರುಗಿ, "ಕರಡಿಗೆ ಮುಟ್ಟಿ ಹೇಳು," ಎಂದ.

ನಗು ನಿಂತಿತು. ಕೊರಳಲ್ಲಿ ಕಟ್ಟಿಕೊಂಡ, ಇಷ್ಟಲಿಂಗವಿಟ್ಟ ಆ ಬೆಳ್ಳಿಯ ಕರಡಿಗೆಯನ್ನು ಆಣೆಗೆ ಮುಟ್ಟಿಸುವುದೆಂದರೆ ನಮ್ಮಲ್ಲಿ ನಂಟು ಕಡಿದುಕೊಂಡಂತೆಯೇ. ಮಾವ ಕೈ ತೊಳೆದುಕೊಂಡು ಬಂದ, ಮುಟ್ಟಿದ, "ನಾ ಯಾರ್ಗೂ ತೋರ್ಸಿಲ್ಲ," ಎಂದ. ಆಮೇಲೆ ಚಿತ್ರವನ್ನು ಇಳಿಸಿ, ಗೋಡೆಗೆ ಮುಖ ಮಾಡಿ ಇಟ್ಟ. "ಸಾಕಾ ಬಾವ?"

ಅವತ್ತು ಅಪ್ಪನ ಜೊತೆ ನಾನೂ ಊರಿಗೆ ಹೊರಟೆ. ಬಸ್ಸಿನಲ್ಲಿ ಅಪ್ಪ ಕೇಳಿದ: "ತಪ್ಪಿಲ್ದಿದ್ರೆ ಪಟ ಇಳ್ಸಿದ್ದ್ಯಾಕೆ?"

"ನಾ ತಮಾಸೆಗೆ ಅಂದದ್ದು ಕಣಪ್ಪ."

"ಆ ಮೂಗುದನಿ ನಿಂಗೆಲ್ಲಿ ಸಿಕ್ತು? ಅವ ಓಟ್ಲಿಗೆ ಬತ್ತಿದ್ನಾ?"

ಬರುತ್ತಿದ್ದ. ದಿನಾ ಬರುತ್ತಿದ್ದ. ಮಾವ ಅವನಿಗೆ ಮಾತ್ರ ಒಳಗಿನ ಬೆಂಚಿನಲ್ಲಿ ಜಾಗ ಕೊಡುತ್ತಿದ್ದ. ಕೊಡಲಿ, ಹೋಟೆಲು ಇರುವುದೇ ಅದಕ್ಕೆ. ಆದರೂ ನಾನು ಮುಖವನ್ನು ಕಿಟಕಿಯ ಕಡೆ ತಿರುಗಿಸಿದೆ.

ಊರು ಬರುವ ಮೊದಲೇ ಅಪ್ಪ ಹೊಲದ ಹತ್ತಿರ ಇಳಿದ. ನಾನೂ ಇಳಿದೆ. ಗಡಿಕಲ್ಲುಗಳು ಇದ್ದಲ್ಲೇ ಇವೆಯೇ ಎಂದು ಒಂದೊಂದಾಗಿ ಮುಟ್ಟಿ ನೋಡುತ್ತ ಹೊರಟೆವು. ಅವನು ಆ ಬದುವಿನಿಂದ, ನಾನು ಈ ಬದುವಿನಿಂದ.