ಹಕಾರದ ವಾರ

ನಮ್ಮ ಕಡೆಯ ಮಕ್ಕಳ ಬಾಯಿಗೆ ಹಕಾರ ಬರುವುದಿಲ್ಲ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ, ಹಗ್ಗ ಅಗ್ಗವಾಗುತ್ತದೆ. ನನಗೂ ಬರುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಭಾಷಣಕ್ಕೆ ನಿಂತು ನಗೆಪಾಟಲಾದ ಮೇಲೆ ಹಟ ಹಿಡಿದು ಕಲಿತೆ. ಹೊನ್ನವಳ್ಳಿ ಕಡೆಯ ಒಂದು ಸಣ್ಣ ಶಾಲೆಗೆ ಯುಕೆಜಿ ಮಿಸ್ ಆಗಿ ಸೇರಿದಾಗ, ನನ್ನ ಮಕ್ಕಳು ಹಾಗೆ ನಗೆಪಾಟಲಾಗಬಾರದು ಎಂದುಕೊಂಡೆ. ದಿನಚರಿ ಬರೆಯುವುದು ನನಗೆ ಮೊದಲಿಂದ ಅಭ್ಯಾಸ. ಯಾವ ದಿನ ಯಾವ ಮಗುವಿಗೆ ಯಾವ ಅಕ್ಷರ ತಪ್ಪಿತು ಎಂದು ಅದರಲ್ಲಿ ಗೀಟು ಹಾಕಿಡುತ್ತಿದ್ದೆ. 'ಆ' ಕಲಿಸಿದ ವಾರ ಮುಗಿದಾಗ ಹತ್ತೊಂಬತ್ತು ಮಕ್ಕಳಲ್ಲಿ ಹದಿನಾಲ್ಕು ಮಕ್ಕಳು ಹಾಲನ್ನೋ ಹಾಸಿಗೆಯನ್ನೋ 'ಆ'ಗೆ ಸೇರಿಸಿದ್ದರು. ಹಾಗಾಗಿ ಪುಸ್ತಕದ ಕ್ರಮ ಬಿಟ್ಟು ಮುಂದಿನ ವಾರಕ್ಕೇ ಹಕಾರ ಇಟ್ಟುಕೊಂಡೆ.

ನಮ್ಮಲ್ಲಿ ವಾರಕ್ಕೊಂದು ಅಕ್ಷರ. ಸೋಮವಾರ ಮಕ್ಕಳ ಬ್ಯಾಗಿನಲ್ಲಿ ಒಂದು ಹಾಳೆ ಮನೆಗೆ ಹೋಗುತ್ತದೆ. ಅದರಲ್ಲಿ ನಾಲ್ಕು ಚಿತ್ರ, ಕೆಳಗೆ ನಾಲ್ಕು ಪದ. ದಿನಾ ಸಂಜೆ ಮನೆಯ ದೊಡ್ಡವರು ಯಾರಾದರೂ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಪದದ ಮೇಲೆ ಬೆರಳಿಡಿಸಿ ಓದಿಸಬೇಕು. ಕೊನೆಗೊಂದು ಖಾಲಿ ಚೌಕ. ಮಗು ಮನೆಯಲ್ಲಿ ಆ ಅಕ್ಷರದಿಂದ ಶುರುವಾಗುವ ವಸ್ತು ಹುಡುಕಬೇಕು, ಅದನ್ನು ಮುಟ್ಟಿ ಹೆಸರು ಹೇಳಬೇಕು, ಆಮೇಲೆ ಚೌಕದಲ್ಲಿ ಅದರ ಚಿತ್ರ ಬರೆಯಬೇಕು. ಈ ಆಟಕ್ಕೆ 'ಮುಟ್ಟಿ ಹೇಳು' ಎಂದು ಹೆಸರಿಟ್ಟಿದ್ದೆ. ಮುಟ್ಟಿದವರಿಗೆ ಮಾತ್ರ ನಕ್ಷತ್ರ. ಸುಮ್ಮನೆ ನೆನಪಿನಿಂದ ಹೇಳಿಬಿಡುತ್ತಾರೆ ಎಂದು ನಾನೇ ಮಾಡಿದ ನಿಯಮ.

'ಆ' ವಾರದಲ್ಲಿ ಮನೆಮನೆಯಲ್ಲೂ ಆನೆ ಇತ್ತು. ವಿಚಾರಿಸಿದರೆ ಒಂದು ಕ್ಯಾಲೆಂಡರಿನ ಆನೆ, ಇನ್ನೊಂದು ಊದುಬತ್ತಿ ಪ್ಯಾಕೆಟ್ಟಿನದು, ಮತ್ತೊಂದು ಅಮ್ಮನ ಸೀರೆಯಂಚಿನದು. ನನಗೂ ನಗು ಬಂದು ಎಲ್ಲಕ್ಕೂ ನಕ್ಷತ್ರ ಕೊಟ್ಟೆ. ಆ ಶುಕ್ರವಾರ ತೋಟದ ಮನೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. ಐದು ವರ್ಷದ ಸಣಕಲಿ, ಮಾತು ಕಡಿಮೆ.

"ಆವು, ಮಿಸ್."

"ಆವು ಅಲ್ಲ ಪುಟ್ಟಿ, ಹಾವು. ಉಸಿರು ಹೊರಗೆ ಬಿಡು. ಹಾ."

"ಆ."

"ಹಾ."

"ಹಾ... ಆವು."

"ಅವ್ಳಿಗೆ ಬರಲ್ಲ ಬುಡಿ ಮಿಸ್," ಎಂದ ಪಕ್ಕದ ಹುಡುಗ. "ನಾನು ಏಳ್ತೀನಿ."

"ನೀನು ಮೊದಲು 'ಹೇಳ್ತೀನಿ' ಅನ್ನು," ಎಂದೆ ಅವನಿಗೆ. ಹುಡುಗಿಗೆ, "ಅದು ಮುಂದಿನ ವಾರದ್ದು ಪುಟ್ಟಿ. ಜೋಪಾನವಾಗಿ ಇಟ್ಕೊಂಡಿರು, ಆಗ ಹೇಳುವಿಯಂತೆ," ಎಂದೆ. ನನ್ನ ಕಣ್ಣ ಮುಂದಿದ್ದದ್ದು ಅವರ ಮನೆಯ ಕ್ಯಾಲೆಂಡರು, ಅದರಲ್ಲಿ ಶಿವ, ಅವನ ಕೊರಳ ಹಾವು.

ಹಕಾರದ ವಾರದ ಬುಧವಾರ ಶಾಲೆ ಬಿಟ್ಟಾಗ ಅವಳು ಗೇಟಿನ ಹತ್ತಿರ ನನ್ನ ವೇಲ್ ಹಿಡಿದು ಜಗ್ಗಿದಳು. ವ್ಯಾನಿನವರು ಹಾರನ್ ಹೊಡೆಯುತ್ತಿದ್ದರು.

"ಮಿಸ್, ಹಾವು." ಹಕಾರ ಸ್ಪಷ್ಟವಾಗಿತ್ತು. "ಇನ್ನೂ ಐತೆ ಮಿಸ್. ನೆನ್ನೆ ಮುಟ್ಟಕ್ಕೋದ್ರೆ ಮಟ್ಟೆಯೊಳಕ್ಕೆ ಓಗ್ಬುಡ್ತು. ಇವತ್ತು ಮುಟ್ತೀನಿ."

"ಜಾಣೆ. ಮುಟ್ಟಿ, ಚೌಕದಲ್ಲಿ ಬರ್ಕೊಂಡು ಬಾ. ನಾಳೆ ಎರಡು ನಕ್ಷತ್ರ," ಎಂದೆ. ಅವಳು ಓಡಿಹೋಗಿ ವ್ಯಾನ್ ಹತ್ತಿದಳು.

ನನ್ನ ಕಿವಿಯೆಲ್ಲ ಆ ಒಂದು ಅಕ್ಷರದ ಮೇಲೆ ಇತ್ತು. ತರಗತಿಗೆ ಬಂದು, ಕಸ ಗುಡಿಸುತ್ತಿದ್ದ ಆಯಮ್ಮನ ಮುಂದೆ ಹೇಳಿಕೊಂಡು ಸಂತೋಷಪಟ್ಟೆ. ಮಕ್ಕಳ ಬುತ್ತಿ ಬಿಚ್ಚಿಕೊಡುವುದರಿಂದ ಹಿಡಿದು ಎಲ್ಲ ನೋಡಿಕೊಳ್ಳುವವರು ಅವರು. ಆಮೇಲೆ ಕೂತು ಗೀಟು ಹಾಕತೊಡಗಿದೆ. 'ಹಾವು' ಸರಿ, ಒಂದು ಗೀಟು. ಆದರೆ ಮುಂದೆ ಅವಳು 'ಹೋಗ್ಬುಡ್ತು' ಅನ್ನಲಿಲ್ಲ, 'ಓಗ್ಬುಡ್ತು' ಅಂದಳು. ಅದು ತಪ್ಪು. ತಪ್ಪಿನ ಕಡೆ ಗೀಟು ಎಳೆಯುವ ಮೊದಲು ಪೂರ್ತಿ ಮಾತನ್ನು ಇನ್ನೊಮ್ಮೆ ಬಾಯಲ್ಲಿ ಹೇಳಿಕೊಂಡೆ. ಮಟ್ಟೆಯೊಳಕ್ಕೆ ಓಗ್ಬುಡ್ತು.

ಕ್ಯಾಲೆಂಡರಿನ ಹಾವು ತೆಂಗಿನ ಮಟ್ಟೆಯೊಳಕ್ಕೆ ಹೋಗುವುದಿಲ್ಲ.

ಅವಳ ಅಮ್ಮನಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಅಪ್ಪನ ಫೋನು ಸ್ವಿಚ್ ಆಫ್ ಆಗಿತ್ತು. ವ್ಯಾನಿನವನಿಗೆ ಮಾಡಿದೆ.

"ಆ ಪಾಪು ನಮ್ದು ಮೊದಲ್ನೇ ಸ್ಟಾಪಲ್ವಾ ಮೇಡಂ, ಆಗ್ಲೇ ಇಳುಸ್ದೆ," ಎಂದ. "ಯಾಕೆ, ಬ್ಯಾಗ್ ಬುಟ್ಟೋಗವ್ಳಾ?"

"ವಾಪಸ್ ಹೋಗಿ ಅವಳನ್ನ ಹಿಡ್ಕೊಳಿ. ಮಟ್ಟೆ ಹಾಕಿರೋ ಷೆಡ್ ಹತ್ರ ಬಿಡಬೇಡಿ."

"ವ್ಯಾನ್ ತುಂಬ ಮಕ್ಳವೆ ಮೇಡಂ, ಆ ತೋಟದ ದಾರೀಲಿ ಹೆಂಗ್ ತಿರುಗುಸ್ಲಿ?"

ನನ್ನ ಸ್ಕೂಟಿಯ ಹಿಂದೆ ಆಯಮ್ಮ ಕೂತರು. ರಸ್ತೆಯ ಎರಡೂ ಬದಿ ತೆಂಗು, ಅದರ ನೆರಳು ಪಟ್ಟೆಪಟ್ಟೆಯಾಗಿ ರಸ್ತೆಗೆ ಅಡ್ಡ ಬಿದ್ದಿತ್ತು. ಪ್ರತಿ ಪಟ್ಟೆಯನ್ನು ದಾಟುವಾಗಲೂ ಕಾಲು ಮೇಲೆತ್ತಿಕೊಳ್ಳಬೇಕು ಅನ್ನಿಸುತ್ತಿತ್ತು. ನಾನು ಹೇಳಿದ ಮಾತು ನನಗೇ ಕೇಳಿಸುತ್ತಿತ್ತು. ಜೋಪಾನವಾಗಿ ಇಟ್ಕೊಂಡಿರು. ಮುಟ್ಟಿ, ಬರ್ಕೊಂಡು ಬಾ. ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸುವ ಹುಡುಗಿ ಅವಳು. ಕೂರು ಎಂದರೆ ಇನ್ನೊಮ್ಮೆ ಹೇಳುವವರೆಗೆ ಏಳುವುದಿಲ್ಲ.

"ನಿಧಾನ ಕಣವ್ವ," ಎಂದರು ಆಯಮ್ಮ. "ಆವಿಗಿಂತ ಮುಂಚೆ ನೀನೇ ನನ್ನ ಸಾಯ್ಸೀಯ. ಕೇರೆ ಇರ್ಬೇಕು ಬುಡು. ಕೊಬ್ರಿ ಇರೋ ಕಡೆ ಇಲಿ, ಇಲಿ ಇರೋ ಕಡೆ ಕೇರೆ."

ಅದು ನಿಜವಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ತೋಟದ ಮನೆಯ ಅಂಗಳದಲ್ಲಿ ಹುಡುಗಿಯ ಅಜ್ಜಿ ಹಸುವಿಗೆ ಮುಸುರೆ ಇಡುತ್ತಿದ್ದರು.

"ಮಗು ಎಲ್ಲಿ ಅಜ್ಜಿ?"

"ಷೆಡ್ನಾಗೆ ಕುಂತ್ಕಂಡು ಓದ್ತಾ ಐತೆ ಕಣವ್ವ. ಅದೇನ್ ಓದುಸ್ತೀರೋ, ಬಂದೇಟ್ಗೆ ಊಟನೂ ಬ್ಯಾಡ ಅಂತದೆ."

ಷೆಡ್ಡಿನೊಳಗಿಂದ ಅವಳ ದನಿ ಬರುತ್ತಿತ್ತು. "ಹಗ್ಗ." ಸ್ವಲ್ಪ ತಡೆದು, "ಹಲಗೆ."

ಬಾಗಿಲಿಗೆ ಹೋಗಿ ನಿಂತೆ. ಮೇಲೆ ಬಿದಿರ ಅಟ್ಟ, ಅದರ ತುಂಬ ಕೊಬ್ಬರಿಯಾಗಲು ಬಿಟ್ಟ ಕಾಯಿ. ಕೆಳಗೆ ಗೋಡೆಗೆ ಒತ್ತಿ ಎದೆಯೆತ್ತರಕ್ಕೆ ಸುಲಿದ ಮಟ್ಟೆಯ ರಾಶಿ. ಹುಡುಗಿ ಹಾಳೆಯನ್ನು ನೆಲಕ್ಕೆ ಹಾಸಿ, ಪೆನ್ಸಿಲನ್ನು ಅದರ ಮೇಲಿಟ್ಟು, ರಾಶಿಯ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದಳು. ಬಲಗೈ ಎರಡು ಮಟ್ಟೆಗಳ ಸಂದಿಯಲ್ಲಿತ್ತು, ಮಣಿಕಟ್ಟಿನವರೆಗೆ. ಒಳಗಿನಿಂದ ಒಂದು ಸದ್ದು. ಸೀಟಿ ಕೂಗುವ ಮುಂಚೆ ಕುಕ್ಕರು ಉಸಿರು ಬಿಡುತ್ತದಲ್ಲ, ಹಾಗೆ.

ಕಿರುಚಿದರೆ ಅವಳು ಬೆಚ್ಚುತ್ತಾಳೆ. ಓಡಿಹೋಗಿ ಎಳೆದರೆ ಕಾಲಡಿಯ ಮಟ್ಟೆ ಅಲ್ಲಾಡುತ್ತದೆ. ಏನು ಮಾಡಬೇಕೋ ತಿಳಿಯದೆ ನಿಂತುಬಿಟ್ಟೆ. ಆಮೇಲೆ ಬಾಯಿಗೆ ಬಂದದ್ದು ತರಗತಿಯಲ್ಲಿ ದಿನಾ ಗಲಾಟೆ ನಿಲ್ಲಿಸಲು ಹೇಳುವ ಮಾತು.

"ಕೈ ಕಟ್ಟು."

ಎರಡೂ ಕೈ ಎದೆಯ ಮೇಲೆ ಬಂದವು.

"ಎದ್ದು ನಿಲ್ಲು. ಮಿಸ್ ಕಡೆ ತಿರುಗು. ಸಾಲಲ್ಲಿ ಬಾ."

ಒಬ್ಬಳೇ ಸಾಲಾಗಿ ನಡೆದು ಬಂದಳು. ಕೈಗೆ ಸಿಕ್ಕಿದ ಕೂಡಲೇ ಎತ್ತಿಕೊಂಡು ಅಂಗಳಕ್ಕೆ ಓಡಿದೆ. ಬೆಳಕಿನಲ್ಲಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತಿರುಗಿಸಿ ನೋಡಿದೆ. ಆಯಮ್ಮ ಕಾಲು ನೋಡಿದರು.

"ಚುಚ್ತಾ ಪುಟ್ಟಿ? ಉರೀತಾ?"

"ಇಲ್ಲ ಮಿಸ್. ಇನ್ನೂ ಮುಟ್ಟೇ ಇಲ್ಲ." ನಕ್ಷತ್ರ ತಪ್ಪಿತೆಂದು ಅವಳ ಮುಖ ಸಣ್ಣದಾಗಿತ್ತು.

ಅಜ್ಜಿ ಬಂದು ವಿಷಯ ಕೇಳಿ ನಕ್ಕರು. "ಅಯ್ಯ, ಅದುಕ್ಕಾ ಇಂಗೆ ಓಡ್ ಬಂದ್ರಿ? ಕೇರೆ ಕಣವ್ವ ಅದು. ಎಲ್ಡ್ ವರ್ಸದಿಂದ ಐತೆ. ಅದೈತೆ ಅಂತಾನೆ ನಮ್ ಕೊಬ್ರಿ ಇಲಿ ಬಾಯಿಗೆ ಬೀಳ್ದಂಗೆ ಉಳ್ಕಂಡೈತೆ. ಮಿಸ್ಸಮ್ಮ ಬೆವತೋಗವ್ಳೆ ನೋಡು, ಒಸಿ ಮಜ್ಜಿಗೆ ತತ್ತೀನಿ ಇರು."

ನನಗೆ ಅಳುವಷ್ಟು ಸಮಾಧಾನವಾಯಿತು. ಆಯಮ್ಮನೂ ನಕ್ಕರು.

"ಅದಲ್ಲ ಕಣಜ್ಜಿ," ಎಂದಳು ಹುಡುಗಿ. "ಕೇರೆ ಉದ್ದುಕೈತೆ. ಇದು ಗಿಡ್ಡುಕೆ ದಪ್ಪುಕೈತೆ. ಮೈಮೇಲೆ ಸರ ಬರ್ದಂಗೈತೆ. ಬುಸ್ ಅಂತದೆ."

ಅಜ್ಜಿ ನಗು ನಿಲ್ಲಿಸಿದರು. ಷೆಡ್ಡಿನ ಬಾಗಿಲನ್ನೇ ನೋಡುತ್ತ, "ಕೊಳಕು ಮಂಡಲ," ಎಂದರು ಮೆಲ್ಲಗೆ, ಹೆಸರು ಹೇಳಿದರೆ ಅದಕ್ಕೆ ಕೇಳಿಸೀತು ಎನ್ನುವ ಹಾಗೆ. ಆಮೇಲೆ ಹಸುವಿನ ಗೂಟ ಹಿಡಿದುಕೊಂಡು ಹಾಗೇ ನೆಲಕ್ಕೆ ಕೂತರು. ದಿನಾ ಬೆಳಿಗ್ಗೆ ಒಲೆಗೆ ಮಟ್ಟೆ ತರಲು ಆ ರಾಶಿಗೆ ಕೈ ಹಾಕುತ್ತಿದ್ದವರು ಅವರೇ.

ಹಾವು ಹಿಡಿಯುವವನು ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅವನು ಕಬ್ಬಿಣದ ಇಕ್ಕಳದಿಂದ ಮಟ್ಟೆಗಳನ್ನು ಒಂದೊಂದಾಗಿ ತೆಗೆದು ಹೊರಗೆ ಹಾಕಿದ. ಹಾವನ್ನು ಪ್ಲಾಸ್ಟಿಕ್ ಡಬ್ಬಕ್ಕೆ ತುಂಬಿ ಮುಚ್ಚಳ ತಿರುಗಿಸಿದ ಮೇಲೂ ಆ ಉಸಿರು ಡಬ್ಬದೊಳಗಿಂದ ಕೇಳಿಸುತ್ತಲೇ ಇತ್ತು. ಅಷ್ಟರಲ್ಲಿ ಹುಡುಗಿಯ ಅಮ್ಮ ಪಕ್ಕದ ತೋಟದ ಕೆಲಸದಿಂದ ಬಂದರು. ಮೊದಲು ಮಗಳ ಬೆನ್ನಿಗೆ ಎರಡು ಬಾರಿಸಿದರು, ಆಮೇಲೆ ತಬ್ಬಿಕೊಂಡರು. ಮಗಳ ತಲೆಯ ಮೇಲಿಂದ ನನ್ನ ಕಡೆ ನೋಡಿದರು.

"ಮುಟ್ಟು ಅಂತ ಏಳಿದ್ದು ನೀವೇನಾ ಮಿಸ್?"

"ಹೂಂ. ನಾನೇ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗುರುವಾರ ಆ ಹುಡುಗಿ ಶಾಲೆಗೆ ಬರಲಿಲ್ಲ. ಹಾಜರಿ ಕೂಗುವಾಗ ಅವಳ ಹೆಸರಿಗೆ ಉತ್ತರ ಬರಲಿಲ್ಲ. ಬೆರಳ ಸಂದಿಯಲ್ಲಿ ನಾನು ನೋಡದೆ ಬಿಟ್ಟ ಜಾಗ ಇತ್ತೇ, ಉಗುರಿನ ಅಡಿ ನೋಡಿದೆನೇ ಎಂದು ಯೋಚಿಸುತ್ತ ನಿಂತೆ. ಮಕ್ಕಳು ಕೈ ಕಟ್ಟಿ ನನ್ನನ್ನೇ ನೋಡುತ್ತಿದ್ದರು. ಹೊರಗೆ ಬಂದು ಫೋನ್ ಮಾಡಿದೆ.

"ಮೈಯಾಗೇನಿಲ್ಲ ಮಿಸ್, ಆಡ್ತಾ ಐತೆ," ಎಂದರು ಅಮ್ಮ. "ನಂಗೇ ಕಳ್ಸಕ್ಕೆ ಧೈರ್ಯ ಬರ್ಲಿಲ್ಲ."

ಫೋನ್ ಇಟ್ಟು ಒಳಗೆ ಹೋಗಿ ಹಾಜರಿ ಮುಗಿಸಿದೆ.

ಮುಂದಿನ ವಾರ ಬಕಾರ. ಹಾಳೆ ಕಳಿಸುವುದನ್ನೇ ನಿಲ್ಲಿಸೋಣ ಎಂದೂ ಯೋಚಿಸಿದೆ. ಆದರೆ ಅಜ್ಜಿ ತಾತಂದಿರ ಪಕ್ಕ ಕೂತು ಓದುವುದರಿಂದ ಮಕ್ಕಳಿಗೆ ಓದು ಬರುತ್ತಿದ್ದದ್ದು ನಿಜ. ಕಡೆಗೆ 'ಮುಟ್ಟಿ ಹೇಳು' ಎಂಬುದನ್ನು ಹೊಡೆದು ಹಾಕಿ 'ನೋಡಿ ಹೇಳು' ಎಂದು ಬರೆದೆ. ಯಾರೂ ಏನನ್ನೂ ಮುಟ್ಟಬಾರದು ಎಂದು ಎಲ್ಲರಿಂದಲೂ ಬಾಯಲ್ಲಿ ಹೇಳಿಸಿದೆ. ಆ ಸೋಮವಾರ ಅವಳೂ ಬಂದಿದ್ದಳು. ಮರುದಿನ ಮೊದಲು ಅವಳನ್ನೇ ಕೇಳಿದೆ.

"ಬಕೀಟು ಮಿಸ್. ದೂರದಿಂದ ನೋಡ್ದೆ," ಎಂದಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.

ಅವಳ ಪಕ್ಕದ ಹುಡುಗ ಎದ್ದ. "ಬಾವಿ ಮಿಸ್."

"ಎಲ್ಲಿ ನೋಡಿದೆ?"

"ನಮ್ ತೋಟದಾಗೆ. ಮುಟ್ಲಿಲ್ಲ ಮಿಸ್. ಬಗ್ಗಿ ನೋಡ್ದೆ. ಕೆಳಗೆ ಪಾರಿವಾಳ ಮರಿ ಮಾಡೈತೆ."

ಸೀಮೆಸುಣ್ಣ ಕೆಳಗಿಟ್ಟು, ಮಕ್ಕಳನ್ನು ಆಯಮ್ಮನಿಗೆ ಒಪ್ಪಿಸಿ, ಅಲ್ಲೇ ಬಾಗಿಲಲ್ಲಿ ನಿಂತು ಅವನ ಮನೆಗೆ ಫೋನ್ ಮಾಡಿದೆ. ಎತ್ತಿದವರು ಅವನ ತಾತ. ಬಾವಿಗೆ ಕಟ್ಟೆ ಇದೆಯಾ ಎಂದು ಕೇಳಿದೆ.

"ಮೊದ್ಲು ಇತ್ತು ಕಣವ್ವ," ಎಂದರು ಅವರು.