ಹುಲ್ಲಿನ ಮಿಷನ್ನಿನ ಉಪವಾಸ ಬಿಡಿಸಿದ ಉಚ್ಚೆಂಗಪ್ಪನವರು

ಒಂದು ಕಾಲೇಜಿನ ಏಳಿಗೆಯನ್ನು ಅದರ ಫಲಿತಾಂಶದಿಂದ ಅಳೆಯುವವರಿದ್ದಾರೆ, ಗ್ರಂಥಾಲಯದಿಂದ ಅಳೆಯುವವರೂ ಇದ್ದಾರೆ. ಹೊಸಪೇಟೆಯ ನಮ್ಮ ಮಹಿಳಾ ಕಾಲೇಜಿಗೆ ಮೊದಲ ಸಲ ಬಂದವರು ಮಾತ್ರ ಅದನ್ನು ಹುಲ್ಲುಹಾಸಿನಿಂದಲೇ ಅಳೆದರು. ಅದಿರಿನ ಲಾರಿಗಳು ಹಗಲಿಡೀ ಓಡಾಡಿ ಊರಿನ ಗೋಡೆಗೆ, ಗಿಡಕ್ಕೆ, ಒಣಹಾಕಿದ ಬಟ್ಟೆಗೆ ಕೆಂಪು ಬಳಿದ ವರ್ಷಗಳಲ್ಲೂ ನಮ್ಮ ಗೇಟಿನೊಳಗೆ ಒಂದು ತುಂಡು ಹಸಿರು ಉಳಿದಿತ್ತು. ಉಳಿಸಿದವರು ಮಾಲಿ ಉಚ್ಚೆಂಗಪ್ಪನವರು. ತೋಟಗಾರಿಕೆ ಓದಿದವರು ಈ ಸೀಮೆಯಲ್ಲಿ ಅನೇಕರಿರಬಹುದು; ಗಿಡವನ್ನೂ ಯಂತ್ರವನ್ನೂ ಮನುಷ್ಯರನ್ನೂ ಒಂದೇ ತಾಳ್ಮೆಯಿಂದ ನೋಡಿಕೊಂಡವರು ವಿರಳ. ಮೂವತ್ತೊಂದು ವರ್ಷ ದುಡಿದು ಕಳೆದ ಮೇ ತಿಂಗಳಲ್ಲಿ ನಿವೃತ್ತರಾದ ಅವರನ್ನು ಈ ಸಂಪುಟದಲ್ಲಿ ನೆನೆಯುವುದು ಕಾಲೇಜಿನ ಪಾಲಿಗೆ ಹಬ್ಬದಡುಗೆಯಷ್ಟೇ ಸಂತೋಷದ ಕೆಲಸ.

ಬಂಡ್ರಿಯ ಬೇಸಾಯದ ಮನೆಯಲ್ಲಿ ಹುಟ್ಟಿದ ಉಚ್ಚೆಂಗಪ್ಪನವರು ಹರೆಯದಲ್ಲಿ ಸಂಡೂರಿನ ಒಂದು ಲಾರಿ ಶೆಡ್ಡಿನಲ್ಲಿ ಕೆಲವು ವರ್ಷ ಕ್ಲೀನರಾಗಿದ್ದರು. ಸ್ಪ್ಯಾನರಿನ ಬಳಕೆ ಅವರ ಕೈಗೆ ಬಂದದ್ದು ಅಲ್ಲಿ. ೧೯೭೮ರಲ್ಲಿ ಕಾಲೇಜಿಗೆ ಸೇರಿದಾಗ ಹುಲ್ಲು ಕೊಯ್ಯಲು ಇದ್ದದ್ದು ಕುಡುಗೋಲು ಒಂದೇ. ಟಿಟ್ಟಿಭ ಹಕ್ಕಿ ಮೊಟ್ಟೆಯಿಟ್ಟ ಜಾಗದ ಸುತ್ತ ಒಂದು ಮೊರದಷ್ಟು ಹುಲ್ಲು ಬಿಟ್ಟು ಕೊಯ್ಯುತ್ತಿದ್ದರು. ಪರೀಕ್ಷೆಯ ದಿನಗಳಲ್ಲಿ ಓದುಕೋಣೆಯ ಕಿಟಕಿಯ ಬಳಿ ಕೆಮ್ಮುವುದಕ್ಕೂ ಹಿಂಜರಿಯುತ್ತಿದ್ದರು.

೨೦೦೩ರಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರ ಮನೆಯವರು ಪೆಟ್ರೋಲಿನಿಂದ ಓಡುವ, ಹಿಂದಿನಿಂದ ತಳ್ಳಿಕೊಂಡು ಹೋಗುವ ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಕಾಣಿಕೆಯಾಗಿ ಕೊಟ್ಟರು. ಕಾಲೇಜಿನವರೆಲ್ಲರ ಬಾಯಲ್ಲಿ ಅದು ಹುಲ್ಲಿನ ಮಿಷನ್ ಆಯಿತು. ಐವತ್ತು ಗಂಟೆಗೊಮ್ಮೆ ಎಂಜಿನ್ ಎಣ್ಣೆ ಬದಲಿಸಿದರೆ ಸಾಕು ಎಂದು ಅಂಗಡಿಯವನು ಹೇಳಿ ಹೋದ. ಉಚ್ಚೆಂಗಪ್ಪನವರು ಒಂದು ತಿಂಗಳು ಓಡಿಸಿ, ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದು, ತುದಿಯ ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದರು. ರವೆಯ ಹಾಗೆ ತರಿತರಿ.

"ಐವತ್ತು ಅನ್ನೋದು ಬೆಂಗಳೂರಿನ ಧೂಳಿಗೆ ರೀ. ನಮ್ಮ ಧೂಳಿಗೆ ಇಪ್ಪತ್ತೈದೇ ಭಾಳ ಆತು," ಎಂದು ಅಂದಿನಿಂದ ಮಿಷನ್ ಓಡಿದ ಗಂಟೆಗೊಂದರಂತೆ ಸಾಮಾನು ಕೋಣೆಯ ಬಾಗಿಲ ಮೇಲೆ ಸುಣ್ಣದ ಗೆರೆ ಎಳೆಯತೊಡಗಿದರು.

ಇಪ್ಪತ್ತೈದನೆಯ ಗೆರೆ ಬಿದ್ದ ದಿನ ಅವರ ಕೆಲಸ ನೋಡುವಂತಿರುತ್ತಿತ್ತು. ಐದು ನಿಮಿಷ ಎಂಜಿನ್ ಓಡಿಸಿ ಎಣ್ಣೆ ಬೆಚ್ಚಗೆ ಮಾಡುವರು. ಆರಿಸಿದ ಮೇಲೆ ಮೊದಲು ಪ್ಲಗ್ಗಿನ ವೈರು ಕಿತ್ತಿಡುವರು. ಹಲ್ಲು ಕೀಳದ ಹಾವನ್ನು ಯಾರೂ ಕೊರಳಿಗೆ ಹಾಕಿಕೊಳ್ಳುವುದಿಲ್ಲ ಎಂಬುದು ಅವರ ಮಾತು. ಆಮೇಲೆ ಗೋಣಿಚೀಲ ಹಾಸಿ, ಗಾಳಿ ಸೋಸುವ ಫಿಲ್ಟರ್ ಮೇಲಕ್ಕೆ ಬರುವಂತೆ ಯಂತ್ರವನ್ನು ಪಕ್ಕಕ್ಕೆ ವಾಲಿಸಿ, ಕೂಸನ್ನು ಕಾಲ ಮೇಲೆ ಮಲಗಿಸಿ ನೀರೆರೆಯುವ ಅಜ್ಜಿಯಂತೆ ಹಳೆಯ ಎಣ್ಣೆಯನ್ನು ಡಬರಿಗೆ ಬಸಿಯುವರು. ಅದರ ಒಂದು ಹನಿಯೂ ಮಣ್ಣಿಗೆ ಬೀಳಬಾರದು. ಹೊಸ ಎಣ್ಣೆ ಕಡ್ಡಿಯ ಮೇಲಿನ ಗೆರೆ ಮುಟ್ಟಬೇಕು, ದಾಟಬಾರದು. ಬಸಿದ ಎಣ್ಣೆ ಗೇಟಿನ ತಿರುಗಣಿಗೂ ಬಾವಿಯ ರಾಟೆಗೂ ಹೋಗುತ್ತಿತ್ತು. ನಮ್ಮ ಗೇಟು ಆ ವರ್ಷಗಳಲ್ಲಿ ಒಂದು ದಿನವೂ ಕಿರುಗುಟ್ಟಲಿಲ್ಲ.

ಇಷ್ಟು ಜಾಗರೂಕರಾದವರ ಕೈಯಿಂದಲೂ ಒಂದು ತಪ್ಪಾಯಿತು. ಅವರ ದೊಡ್ಡತನ ಕಂಡದ್ದು ಅದರಲ್ಲಿಯೇ.

ಅವರು ಕಲಿತ ಲಾರಿ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಆಯುಧಪೂಜೆಯ ಹಿಂದಿನ ಸಂಜೆ ಹಳೆಯ ಎಣ್ಣೆ ಬಸಿದು ಗಾಡಿಯನ್ನು ಉಪವಾಸವಿಡುವುದು, ಪೂಜೆಯಾದ ಮೇಲೆ ಹೊಸ ಎಣ್ಣೆ ಹಾಕಿ ಉಪವಾಸ ಬಿಡಿಸುವುದು. ಖಾಲಿಯಿದೆ ಎಂಬ ಗುರುತಿಗೆ ಸ್ಟೇರಿಂಗಿಗೆ ಅರಿಸಿನದ ದಾರ. ಇದನ್ನೇ ಅವರು ಕಾಲೇಜಿಗೂ ತಂದಿದ್ದರು. ೨೦೦೫ರ ಹಬ್ಬದ ಹಿಂದಿನ ಸಂಜೆ ಎಣ್ಣೆ ಬಸಿದು, ಮಿಷನ್ನಿನ ಹಿಡಿಕೆಗೆ ದಾರ ಕಟ್ಟಿ, ಪೂಜೆಗೆ ಚೆಂಡು ಹೂ ತರಲು ಬಂಡ್ರಿಗೆ ಹೋದರು. ಬೆಳಿಗ್ಗೆ ಅವರಿದ್ದ ಬಸ್ಸು ಅದಿರಿನ ಲಾರಿಗಳ ಸಾಲಿನಲ್ಲಿ ಎರಡು ತಾಸು ಸಿಕ್ಕಿಬಿತ್ತು.

ಇತ್ತ ಕಾಲೇಜಿನಲ್ಲಿ ಸಿಬ್ಬಂದಿಯವರು ಅವರ ದಾರಿ ಕಾಯದೆ ಪೂಜೆ ಮುಗಿಸಿದರು. ಮಿಷನ್ನಿಗೂ ಮಾಲೆಯ ಮೇಲೆ ಮಾಲೆ ಬಿದ್ದು ಹಳದಿ ದಾರ ಹೂವಿನಡಿ ಮುಚ್ಚಿಹೋಯಿತು. ಚಕ್ರದಡಿ ನಿಂಬೆಹಣ್ಣಿಟ್ಟ ಮೇಲೆ ಯಂತ್ರ ಓಡಲೇಬೇಕಲ್ಲ. ದಿನಗೂಲಿಯಲ್ಲಿ ಕಸ ಗುಡಿಸುತ್ತಿದ್ದ ಹಂಪಮ್ಮ ಅದನ್ನು ತಳ್ಳುವುದನ್ನು ಆಗಷ್ಟೇ ಕಲಿತಿದ್ದರು. ಕಚೇರಿಯ ಮೇಲ್ವಿಚಾರಕ ಅಂದಾನಪ್ಪನವರು ಎಂಜಿನ್ ಹೊರಡಿಸುವ ಹಗ್ಗ ತೋರಿಸಿ ಅವರನ್ನೇ ಕರೆದರು.

"ಎಳಿಯವ್ವಾ ಹಗ್ಗ!"

"ಮಾಲಿ ಅಣ್ಣ ಬರ್ಲಿ ತಡೀರಿ, ಸಾಹೇಬ್ರ."

"ನಿಮ್ಮಣ್ಣ ಬರೋದ್ರಾಗ ಈ ನಿಂಬಿಹಣ್ಣು ಉಪ್ಪಿನಕಾಯಿ ಆಗ್ತಾವ. ಜಲ್ದಿ ಎಳಿ."

ಹಂಪಮ್ಮ ಎಳೆದರು. ಮಿಷನ್ ಚಪ್ಪಾಳೆಗಳ ನಡುವೆ ಹೊರಟು, ಹುಲ್ಲುಹಾಸಿನ ತುದಿ ಮುಟ್ಟಿ, ಹಲ್ಲು ಕಡಿದಂತೆ ಸದ್ದು ಮಾಡಿ ನಿಂತಿತು. ಮತ್ತೆ ಹಗ್ಗ ಎಳೆದರೆ ಬಂಡೆಗೆ ಕಟ್ಟಿದಂತಿತ್ತು; ಎಣ್ಣೆಯಿಲ್ಲದೆ ಎಂಜಿನ್ ಒಳಗೇ ಕಚ್ಚಿಕೊಂಡಿತ್ತು. ಹೂವಿನ ಬುಟ್ಟಿ ಹಿಡಿದು ಗೇಟಿನೊಳಗೆ ಬಂದ ಉಚ್ಚೆಂಗಪ್ಪನವರಿಗೆ, ಸುತ್ತ ನಿಂತವರ ಮುಖ ನೋಡಿದ ಕೂಡಲೇ ನಡೆದದ್ದು ತಿಳಿಯಿತು. ಮೊದಲು ಕಂಡದ್ದು ಸೆರಗು ಬಾಯಿಗೆ ಒತ್ತಿಕೊಂಡಿದ್ದ ಹಂಪಮ್ಮ. ಕಂಪ್ಲಿಯ ಅಕ್ಕಿ ಗಿರಣಿಯ ಕೆಲಸ ಬಿಟ್ಟು ಅವರು ಹೊಸಪೇಟೆಗೆ ಬಂದದ್ದೇ ಮಗಳು ಪೂಜಿತಾಳ ಓದಿಗಾಗಿ. ಮಗಳು ಅದೇ ವರ್ಷ ನಮ್ಮಲ್ಲಿ ಪಿಯುಸಿಗೆ ಸೇರಿದ್ದಳು.

"ಮಿಷನ್ ಮುಟ್ಟಿದಾಕಿ ಈಕಿ," ಎಂದುಬಿಟ್ಟರು ಅಂದಾನಪ್ಪನವರು. ಗಾಬರಿಯಲ್ಲಿ ತಾವಾಡಿದ ಮಾತು ಅವರಿಗೆ ಮರೆತಿರಬೇಕು.

ಪ್ರಾಚಾರ್ಯೆ ಲಲಿತಾ ಮೇಡಂ ಕಟ್ಟುನಿಟ್ಟಿನವರು. ನಾಲ್ಕು ದಿನದ ರಜೆ ಮುಗಿದು ಕಾಲೇಜು ತೆರೆಯುವಾಗ ಯಂತ್ರ ಓಡದಿದ್ದರೆ ಹಂಪಮ್ಮನ ಜಾಗಕ್ಕೆ ಬೇರೆಯವರನ್ನು ನೋಡಬೇಕಾದೀತು ಎಂದರು. ಉಚ್ಚೆಂಗಪ್ಪನವರು ಬುಟ್ಟಿ ಕೆಳಗಿಟ್ಟರು.

"ಮೇಡಮ್ಮಾರ, ಉಪವಾಸ ಇಟ್ಟಾಂವ ನಾನು. ಊಟ ಬಡಿಸೋರಿಗೆ ಒಂದ್ ಮಾತು ಹೇಳಿ ಹೋಗ್ಲಿಲ್ಲ. ನನ್ನ ಶೆಡ್ಡಿನ ಗುರುತು ಊರಿಗೆಲ್ಲಾ ಗೊತ್ತೈತಿ ಅನ್ಕೊಂಡೆ. ಬದಲಿ ನೋಡೂದಿದ್ರ ನನ್ನ ಜಾಗಕ್ಕ ನೋಡ್ರಿ."

ಅಷ್ಟನ್ನೇ ಕಾಗದದಲ್ಲಿ ಬರೆಸಿ ಸಹಿ ಹಾಕಿಕೊಟ್ಟರು. ಆದರೂ ಮೇಡಂ ಹಾಕಿದ ಗಡುವು ಗಡುವಾಗಿಯೇ ಉಳಿಯಿತು.

ರಜೆಯ ನಾಲ್ಕೂ ದಿನ ಅವರು ಸಾಮಾನು ಕೋಣೆಯಲ್ಲಿದ್ದರು, ಹಂಪಮ್ಮನನ್ನೂ ಕರೆಸಿಕೊಂಡರು. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಎಣ್ಣೆ ಬಿಟ್ಟು ಒಂದು ಹಗಲು ನೆನೆಯಗೊಟ್ಟರು. ಮರುದಿನ ಬ್ಲೇಡಿಗೆ ಗೋಣಿ ಸುತ್ತಿ, ಅದನ್ನು ಅತ್ತಿತ್ತ ಅಲುಗಿಸುವ ಕೆಲಸವನ್ನು ಹಂಪಮ್ಮನಿಗೆ ಕೊಟ್ಟರು.

"ನಾ ಮುಟ್ಟಂಗಿಲ್ಲಣ್ಣ. ನನ್ನ ಕೈಯಾಗ ಸತ್ತೈತಿ ಅದು."

"ಸತ್ತಿಲ್ಲ, ಸಿಟ್ಟು ಮಾಡೈತಿ. ನಿನ್ನ ಕೈಯಾಗ ನಿಂತದ್ದು ನಿನ್ನ ಕೈಯಾಗ ಏಳ್ಬೇಕು. ಇಲ್ಲಾಂದ್ರ ಜನ್ಮದಾಗ ಇನ್ನೊಂದು ಮಿಷನ್ ಮುಟ್ಟಂಗಿಲ್ಲ ನೀನು. ಕುಂದ್ರು, ತಂಗಿ."

ಅಂದು ಅದು ಅಲುಗಲಿಲ್ಲ. ಮೂರನೆಯ ದಿನ ಅಂದಾನಪ್ಪನವರು ಚಹದ ಕಿಟ್ಲಿ ತಂದಿಟ್ಟು, ಬಾಗಿಲ ಬಳಿಯೇ ನಿಂತರು. ಆ ಸಂಜೆ ಬ್ಲೇಡು ಕೂದಲೆಳೆಯಷ್ಟು ಸರಿಯಿತು. ನಾಲ್ಕನೆಯ ದಿನ ಮಧ್ಯಾಹ್ನ ಪೂರಾ ಒಂದು ಸುತ್ತು ತಿರುಗಿತು. ಹೊಸ ಎಣ್ಣೆಯನ್ನೂ ಹಂಪಮ್ಮನೇ ಹಾಕಿ, ಕಡ್ಡಿ ಅದ್ದಿ ಗೆರೆ ನೋಡಿದರು. ಕಾಲೇಜು ತೆರೆದ ಬೆಳಿಗ್ಗೆ ಮೇಡಂ ಎದುರಿಗೆ ಮೂರನೆಯ ಎಳೆತಕ್ಕೆ ಮಿಷನ್ ನೀಲಿ ಹೊಗೆ ಕೆಮ್ಮಿ ಎದ್ದಿತು. ಮೇಡಂ ಕಾಗದವನ್ನು ಮಡಿಚಿ ಉಚ್ಚೆಂಗಪ್ಪನವರ ಕೈಗೇ ತಿರುಗಿ ಕೊಟ್ಟರು. ಹಂಪಮ್ಮ ಉಳಿದರು, ಪೂಜಿತಾ ಇಲ್ಲಿಯೇ ಓದಿ ಈಗ ಶಿಕ್ಷಕಿಯಾಗುವ ತರಬೇತಿಯಲ್ಲಿದ್ದಾಳೆ.

ಆ ಹಬ್ಬದ ನಂತರ ಉಚ್ಚೆಂಗಪ್ಪನವರು ತಾವು ಕಲಿತ ಪದ್ಧತಿಯನ್ನೇ ತಿರುವಿ ಹಾಕಿದರು. ಬಸಿಯುವುದೂ ತುಂಬುವುದೂ ಒಂದೇ ಕೂತಲ್ಲಿ. ದಾರ ಕಟ್ಟುವುದು ತುಂಬಿದ ಮೇಲೆ. ಹಳದಿ ಕಂಡರೆ ಹೊಟ್ಟೆ ತುಂಬಿದೆ ಎಂದು ಅರ್ಥ. ಕಾಣದಿದ್ದರೆ ಯಾರೂ ಹಗ್ಗ ಎಳೆಯಬಾರದು. ಐವತ್ತಾರನೆಯ ವಯಸ್ಸಿನಲ್ಲಿ ತಮ್ಮ ಗುರುಗಳ ಪಾಠವನ್ನು ಹೀಗೆ ತಿದ್ದಲು ಎಷ್ಟು ಜನರಿಗೆ ಮನಸ್ಸು ಬಂದೀತು?

ನಿವೃತ್ತಿಯ ದಿನ ಬಾಗಿಲ ಮೇಲೆ ಇಪ್ಪತ್ತೈದು ಗೆರೆ ತುಂಬಿತ್ತು. ಹಂಪಮ್ಮ ಎಣ್ಣೆ ಬದಲಿಸುವಾಗ ಅವರು ಬೇವಿನ ಮರದಡಿ ಕೈಕಟ್ಟಿ ನಿಂತಿದ್ದರು. ಹಂಪಮ್ಮ ಕಡ್ಡಿಯನ್ನು ಅವರತ್ತ ಚಾಚಿದರು.

"ನನಗ್ಯಾಕ ತೋರಿಸ್ತಿ? ನೀ ನೋಡೀಯಲ್ಲ?" ಎಂದವರೇ ಮುಖ ತಿರುಗಿಸಿಕೊಂಡರು.

ಸಂಜೆಯ ಸಭೆಯಲ್ಲಿ ಶಾಲು ಹೊದಿಸಿ ಹಾರ ಹಾಕಿದ್ದಾಯಿತು. ಎಲ್ಲರೂ ಎದ್ದು ಹೊರಡುವಾಗ ಹಂಪಮ್ಮ ವೇದಿಕೆಗೆ ಬಂದು, ಮಿಷನ್ನಿಗೆ ಕಟ್ಟಿ ಉಳಿದಿದ್ದ ಅರಿಸಿನದ ದಾರವನ್ನು ಅವರ ಮುಂಗೈಗೆ ಕಟ್ಟಿದರು.

"ಏನವ್ವಾ ಇದು, ನಾನೇನು ಮಿಷನ್ನಾ?"

"ಹೊಟ್ಟಿ ತುಂಬೇತಿ ಅಂತ ಗುರುತಣ್ಣ. ಇನ್ನ ಹಗ್ಗ ಎಳದ್ರ ಓಡ್ತೀರಿ."

ಸಭೆಗೆ ಸಭೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಂದಾನಪ್ಪನವರು.

ಈಗ ಉಚ್ಚೆಂಗಪ್ಪನವರು ಬಂಡ್ರಿಯಲ್ಲಿದ್ದಾರೆ. ಅಲ್ಲಿನ ಶಾಲೆಯ ಅಂಗಳಕ್ಕೆ ಹುಲ್ಲು ನೆಟ್ಟಿದ್ದಾರಂತೆ. ನೆರೆಹೊರೆಯವರ ನೀರಿನ ಎಂಜಿನ್ನುಗಳ ಎಣ್ಣೆಯನ್ನು ಬೆರಳಿಗೆ ತಿಕ್ಕಿ ನೋಡುತ್ತಾರಂತೆ. ಆ ಬೆರಳುಗಳ ಸೂಕ್ಷ್ಮ ಹಾಗೆಯೇ ಉಳಿಯಲಿ, ಕಣ್ಣಿಗೆ ಕಡ್ಡಿಯ ಗೆರೆ ಬಹುಕಾಲ ಸ್ಪಷ್ಟವಾಗಿ ಕಾಣಲಿ. ಮುಂಗೈಯ ದಾರ ಹಳತಾಗಿ ಕಡಿದಾಗಲೆಲ್ಲ ಅವರು ಹಬ್ಬಕ್ಕೆ ಹೊಸಪೇಟೆಗೆ ಬರಲಿ. ಹೊಸ ದಾರ ಹಿಡಿದು ಹಂಪಮ್ಮ ಗೇಟಿನಲ್ಲಿರುತ್ತಾರೆ. ಕಿರುಗುಟ್ಟದ ಆ ಗೇಟು ತೆರೆದೇ ಇರುತ್ತದೆ.