ಮೇ ಮೂರರ ಫೋಟೋ

ಮೊನ್ನೆ ಮೊಮ್ಮಗಳು ನಾವೀಗಿರುವ ನೋವೈಯಿಂದ ನನ್ನನ್ನು ನನ್ನ ಹಳೆಯ ಊರು ಹ್ಯಾಮ್‌ಟ್ರಾಮಿಕ್ ಕಡೆಗೆ ಕರೆದೊಯ್ದಿದ್ದಳು. ಅಲ್ಲೊಂದು ಮನೆಯ ಮುಂದೆ ಪೋಲೆಂಡಿನ ಬಿಳಿ-ಕೆಂಪು ಬಾವುಟ ಕಂಡೊಡನೆ ಮುಖ ತಿರುಗಿಸಿಕೊಂಡೆ. ಬಟ್ಟೆಯ ತುಂಡಿಗೆ ಹೆದರುವ ಮುದುಕನನ್ನು ನೀವು ನೋಡಿರಲಾರಿರಿ.

ಎಪ್ಪತ್ತರ ದಶಕದ ಮೊದಲಲ್ಲಿ ನಾನೂ ಹೆಂಡತಿ ಸರಸಳೂ ಆ ಬೀದಿಯ ಒಂದು ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆಯೊಡತಿ ಹೆಲೆನಾ, ಪೋಲೆಂಡಿನಿಂದ ಬಂದ ವಿಧವೆ. ಹೈಸ್ಕೂಲಿಗೇ ಓದು ನಿಲ್ಲಿಸಿ ಕಾರಿನ ಬಿಡಿಭಾಗಗಳ ಕಾರ್ಖಾನೆ ಸೇರಿದ್ದ ನನಗೆ ಬೇರೆ ಯಾರೂ ಮನೆ ಕೊಟ್ಟಿರಲಿಲ್ಲ. ಪ್ರತಿ ಮೇ ಮೂರಕ್ಕೆ ಆಕೆ ಕಿಟಕಿಗೆ ಬಾವುಟ ಕಟ್ಟುತ್ತಿದ್ದರು. ಅದು ಅವರ ಹಳೆಯ ಸಂವಿಧಾನದ ಹಬ್ಬ. ಆಗ ಅಲ್ಲಿದ್ದ ಕಮ್ಯುನಿಸ್ಟ್ ಸರ್ಕಾರಕ್ಕೆ ಅದು ಆಗದು. ಅಲ್ಲಿ ಮೇ ಒಂದರ ಕಾರ್ಮಿಕ ದಿನದ ಮೆರವಣಿಗೆಗೆ ಹೋಗಲೇಬೇಕು, ಮಾರನೆಯ ದಿನ ಬಾವುಟ ಇಳಿಸಲೇಬೇಕು, ಮೂರಕ್ಕೆ ಒಂದೂ ಕಾಣಬಾರದು ಎಂದು ಹೇಳಿದ್ದರು. ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ನನ್ನಲ್ಲಿ ಸಂಬಂಧ ಕಡಿಮೆ.

ಒಂದು ವರ್ಷ ಆ ದಿನ ಬಾವುಟದ ಕೆಳಗೆ ಆಕೆಯ ಫೋಟೋ ತೆಗೆದೆ. ಕೆಲವು ವಾರಗಳ ನಂತರ, ಪೋಲೆಂಡಿನಲ್ಲಿದ್ದ ತಂಗಿಗೆ ಬರೆದ ಕಾಗದವನ್ನು ಅಂಚೆಗೆ ಹಾಕಲು ನನಗೆ ಕೊಟ್ಟರು. ಲಕೋಟೆ ಅಂಟಿಸಿರಲಿಲ್ಲ.

“ಬರೀ ಕಾಗದ ಕಳಿಸ್ತಾರೇನ್ರೀ? ಆ ಫೋಟೋನೂ ಇಡಿ, ಪಾಪ, ತಂಗಿ ನೋಡ್ಲಿ,” ಎಂದಳು ಸರಸ.

ಮೈಸೂರಿಗೆ ನಾವು ಫೋಟೋ ಇಡದೆ ಕಾಗದ ಕಳಿಸಿದವರಲ್ಲ. ನಮ್ಮ ರೂಢಿಯಂತೆ ಹಿಂಬದಿಯಲ್ಲಿ ಹೆಸರು, ತಾರೀಕು, ಹಬ್ಬ ಮೂರನ್ನೂ ದುಂಡಗೆ ಬರೆದೆ. ಆಕೆಗೆ ಹೇಳಲಿಲ್ಲ, ತಂಗಿಯಿಂದಲೇ ತಿಳಿದು ಖುಷಿಪಡಲಿ ಎಂದುಕೊಂಡೆ.

ತಿಂಗಳಿಗೊಂದು ಬರುತ್ತಿದ್ದ ತಂಗಿಯ ಕಾಗದ ಪೂರ್ತಿ ನಿಂತಿತು. ಅಲ್ಲಿ ಸರ್ಕಾರದವರು ಲಕೋಟೆ ಒಡೆದು ಓದುತ್ತಾರೆಂದು ಕಾರ್ಖಾನೆಯ ಪೋಲಿಷ್ ಗೆಳೆಯ ಹೇಳಿದಾಗ ನಾನಿಟ್ಟ ಫೋಟೋ ನೆನಪಾಯಿತು. ಆ ತಂಗಿ ಸರ್ಕಾರಿ ಶಾಲೆಯ ಟೀಚರು. ಕೆಲಸ ಹೋಯಿತೇ? ಜೈಲಿಗೆ ಹಾಕಿದರೇ? ಅಂಚೆಯವನ ಹೆಜ್ಜೆ ಕೇಳಿದರೆ ಮೆಟ್ಟಿಲ ಮೇಲೆ ಬಂದು ನಿಲ್ಲುತ್ತಿದ್ದೆ.

ಚಳಿಗಾಲದಲ್ಲಿ ಹೆಲೆನಾ ತಾವೇ ಹೇಳಿದರು: “ತಪ್ಪು ನನ್ನದೇ. ಹಬ್ಬದ ವಿಷಯ ಒಂದು ಸಾಲು ಬರೆದುಬಿಟ್ಟಿದ್ದೆ. ಇನ್ನು ಅವಳಿಗೆ ಬರೆಯುವುದಿಲ್ಲ.”

ಆಗ ಬಾಯಿ ತೆರೆಯಬೇಕಿತ್ತು. ಅವರು ಕೊಟ್ಟ ಚಹಾ ಕುಡಿದು, ಲೋಟ ತೊಳೆದಿಟ್ಟು ಮೇಲೆ ಹೋದೆ. ಮರುವರ್ಷ ಮೇ ಮೂರಕ್ಕೆ ಆಕೆಯ ಕಿಟಕಿ ಬರಿದಾಗಿತ್ತು. ಆ ಬೇಸಿಗೆಯಲ್ಲೇ ನಾವು ಮನೆ ಬದಲಿಸಿದೆವು. ಆಕೆ ತೀರಿಕೊಂಡದ್ದು ಎಷ್ಟೋ ಕಾಲದ ಮೇಲೆ ತಿಳಿಯಿತು. ತಂಗಿಗೆ ಏನಾಯಿತೆಂದು ಇವತ್ತಿಗೂ ತಿಳಿಯದು.

ಸರಸಳಿಗೂ ಪೂರ್ತಿ ಹೇಳದ ಇದನ್ನೆಲ್ಲ ಮೊನ್ನೆ ಕಾರಿನಲ್ಲಿ ಮೊಮ್ಮಗಳಿಗೆ ಹೇಳಿದೆ. ಹೆಲೆನಾಗೆ ಯಾಕೆ ಹೇಳಲಿಲ್ಲವೆಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

“ಮನೆ ಖಾಲಿ ಮಾಡಿ ಅಂತಾರೆ ಅಂತ ಹೆದರಿದೆ ಕಣಮ್ಮ.”

“ಅಷ್ಟಕ್ಕೇನಾ, ತಾತ?” ಈ ಸಲ ಕನ್ನಡದಲ್ಲಿ ಕೇಳಿದಳು.

ಅಷ್ಟಕ್ಕೇ.